ಹೊಸ ಫ್ಲ್ಯಾಟಿನ ಕ್ರಯ: ಯಾವಾಗ ತಡೆಯಬಹುದು, ಯಾವಾಗ ತಡಮಾಡಬಾರದು

(ಜುಮಾ ಖುತ್ಬಾದ ಸಾರ ಮತ್ತು ಖುತ್ಬಾದ ನಂತರ ಬಂದ ಪ್ರಶ್ನೆಗಳಿಗೆ ಉತ್ತರ)

ಕರಾರುಗಳನ್ನು ಈಡೇರಿಸುವ ಕುರಿತು ಇತ್ತೀಚೆಗೆ ಎರಡು ಜುಮಾಗಳಲ್ಲಿ ಮಾತನಾಡಿದ್ದೆವು. ಪವಿತ್ರ ಕುರ್‌ಆನಿನ ಸೂರಃ ಅಲ್ ಮಾಇದಃ ಆರಂಭವಾಗುವುದೇ ಈ ಆಜ್ಞೆಯಿಂದ. ವ್ಯಾಪಾರದ ಮಾತು, ಮದುವೆಯ ಮಾತು, ಕೆಲಸಗಾರನ ಕೂಲಿಯ ಮಾತು ಎಲ್ಲವನ್ನೂ ಪ್ರಸ್ತಾಪಿಸಿದ್ದೆವು. ಆದರೆ ನಮಾಝ್ ಮುಗಿದ ಮೇಲೆ ನಮ್ಮ ಬಳಿಗೆ ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಫ್ಲ್ಯಾಟಿನ ಬಗ್ಗೆ. ಅವರಲ್ಲಿ ಕೊಲ್ಲಿಯಿಂದ ರಜೆಯಲ್ಲಿ ಬಂದವರಿದ್ದರು, ಮಗಳ ಮದುವೆಗೆ ಮುಂಚೆ ಬಾಡಿಗೆ ಮನೆಯಿಂದ ಹೊರಬರಬೇಕೆಂದು ಹೊರಟವರಿದ್ದರು, ಒಬ್ಬರು ಬಿಲ್ಡರೂ ಇದ್ದರು. ಒಬ್ಬ ಸಹೋದರರ ಪ್ರಶ್ನೆ ಹೀಗಿತ್ತು: "ಉಸ್ತಾದರೇ, ಫ್ಲ್ಯಾಟ್ ರೆಡಿ ಆಗಿದೆ, ಬಾಕಿ ಹಣ ಕೊಟ್ಟು ರಿಜಿಸ್ಟರ್ ಮಾಡಿಸಿಕೊಳ್ಳಿ ಅಂತ ದಿನಾ ಫೋನ್ ಬರುತ್ತದೆ. ಲಿಫ್ಟ್ ಇನ್ನೂ ಹಾಕಿಲ್ಲ, ಓಸಿ ಆಮೇಲೆ ಬರುತ್ತದೆ ಅಂತಾರೆ. ನಾನು ಹಣ ತಡೆದರೆ ಕರಾರು ಮುರಿದ ಹಾಗೆ ಆಗುತ್ತದಾ?"

ಒಳ್ಳೆಯ ಪ್ರಶ್ನೆ. ಕರಾರಿನಲ್ಲಿ ಇಬ್ಬರಿದ್ದಾರೆ, ಇಬ್ಬರ ಮೇಲೂ ಹೊಣೆಯಿದೆ. ಎದುರಿನವನ ಹೊಣೆ ಈಡೇರದಿದ್ದಾಗ ನಮ್ಮ ಪಾಲನ್ನು ತಡೆಹಿಡಿಯುವುದು ಒಂದು ಮಾತು. ನಮ್ಮ ಅನುಕೂಲಕ್ಕಾಗಿ ತಡಮಾಡುವುದು ಬೇರೆ ಮಾತು. ಹೊರಗಿನಿಂದ ನೋಡುವವರಿಗೆ ಎರಡೂ "ಇನ್ನೂ ರಿಜಿಸ್ಟರ್ ಆಗಿಲ್ಲ" ಎಂದೇ ಕಾಣುತ್ತದೆ. ಕಾನೂನಿನಲ್ಲಿಯೂ ದೀನಿನಲ್ಲಿಯೂ ಅವು ಒಂದೇ ಅಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ಎಂದು ನೋಡೋಣ. ನಾವು ವಕೀಲರಲ್ಲ. ಆದರೆ ಈ ಪ್ರಶ್ನೆಗಳು ಮೇಲಿಂದ ಮೇಲೆ ಬರುವುದರಿಂದ ಕಾಯ್ದೆಯನ್ನು ಕುಳಿತು ಓದಿದ್ದೇವೆ, ತಿಳಿದವರೊಂದಿಗೆ ಚರ್ಚಿಸಿದ್ದೇವೆ. ಕೇಂದ್ರ ಸರಕಾರದ ರಿಯಲ್ ಎಸ್ಟೇಟ್ ಕಾಯ್ದೆ 2016ರದ್ದು. ಅದು ಪೂರ್ಣವಾಗಿ ಜಾರಿಗೆ ಬಂದದ್ದು 2017ರ ಮೇ 1ರಂದು. ಅದೇ ವರ್ಷ ಜುಲೈಯಲ್ಲಿ ಕರ್ನಾಟಕ ತನ್ನ ನಿಯಮಗಳನ್ನು ಹೊರಡಿಸಿತು. ಜನ ಇದನ್ನು ರೇರಾ ಎನ್ನುತ್ತಾರೆ. ಜಾಗ 500 ಚದರ ಮೀಟರಿಗಿಂತ ಹೆಚ್ಚಿದ್ದು, ಮನೆಗಳು ಎಂಟಕ್ಕಿಂತ ಹೆಚ್ಚಿರುವ ಯೋಜನೆ ಇದರಡಿ ನೋಂದಣಿಯಾಗಬೇಕು. ನೋಂದಣಿಯಾದ ಯೋಜನೆಗೆ ರೇರಾ ಜಾಲತಾಣದಲ್ಲಿ ಒಂದು ಪುಟವಿರುತ್ತದೆ. ಕೆಲಸ ಯಾವಾಗ ಮುಗಿಸುತ್ತೇನೆ ಎಂದು ಬಿಲ್ಡರ್ ತಾನೇ ಬರೆದುಕೊಟ್ಟ ದಿನಾಂಕ ಅಲ್ಲಿರುತ್ತದೆ. ಮಾರಾಟ ಕಚೇರಿಯಲ್ಲಿ ಚಹಾ ಕೊಟ್ಟು ಹೇಳುವ ದಿನಾಂಕಕ್ಕೂ ಆ ಪುಟದಲ್ಲಿರುವ ದಿನಾಂಕಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಕರಾರಿಗೆ ಸಹಿ ಹಾಕುವ ಮೊದಲು ಅದನ್ನು ಮೊಬೈಲಿನಲ್ಲಿಯೇ ನೋಡಬಹುದು. ಮಕ್ಕಳು ನೋಡಿಕೊಡುತ್ತಾರೆ.

ಈ ಕಾಯ್ದೆಯ 13ನೇ ಕಲಂ ಪ್ರಕಾರ, ಲಿಖಿತ ಕರಾರು ಮಾಡಿ ಅದನ್ನು ನೋಂದಣಿ ಮಾಡಿಸುವವರೆಗೆ ಮನೆಯ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ನಮ್ಮಲ್ಲಿ ಇದು ಪಾಲನೆಯಾಗುವುದು ಕಡಿಮೆ. "ನಮ್ಮವರೇ ಅಲ್ವಾ" ಎಂದು ಒಂದು ಚೀಟಿಯ ಮೇಲೆ ಹದಿನೈದು ಲಕ್ಷ ಕೊಟ್ಟವರನ್ನು ನಾವು ಬಲ್ಲೆವು. ಕುರ್‌ಆನಿನ ಅತಿ ದೀರ್ಘ ಆಯತ್ ಯಾವುದರ ಬಗ್ಗೆ ಇದೆ ಎಂದು ಮದ್ರಸದ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ: ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ, ಸಾಕ್ಷಿಗಳನ್ನಿಡುವುದರ ಬಗ್ಗೆ. ಆ ಆಯತ್ ಸಂಬೋಧಿಸುವುದು ವಿಶ್ವಾಸಿಗಳನ್ನೇ, ಅಂದರೆ ಒಬ್ಬರನ್ನೊಬ್ಬರು ಬಲ್ಲವರನ್ನೇ. ಬರೆದಿಡುವುದು ಅಪನಂಬಿಕೆ ಎಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ ತಿಳಿಯದು.

ಓಸಿ ಇಲ್ಲದ "ರೆಡಿ" ಮನೆ

ಕಟ್ಟಡ ಮಂಜೂರಾದ ನಕ್ಷೆಯಂತೆ ಇದೆ, ಜನ ವಾಸಿಸಬಹುದು ಎಂದು ನಗರಪಾಲಿಕೆ ಅಥವಾ ಸಂಬಂಧಪಟ್ಟ ಸ್ಥಳೀಯ ಸಂಸ್ಥೆ ಕೊಡುವ ಪತ್ರವೇ ಓಸಿ. ಬಿಲ್ಡರನ ಲೆಟರ್‌ಹೆಡ್ಡಿನಲ್ಲಿ ಬರುವ "ಪೊಸೆಶನ್ ಲೆಟರ್" ಓಸಿ ಅಲ್ಲ. ಬಣ್ಣ ಹೊಡೆದಾಗಿದೆ, ಕೀಲಿ ಕೈಗೆ ಕೊಟ್ಟಿದ್ದಾರೆ, ಹಾಲು ಉಕ್ಕಿಸಿಯೋ ಮೌಲೂದ್ ಓದಿಸಿಯೋ ನೆರೆಮನೆಯವರು ಆಗಲೇ ಒಳಗೆ ಹೋಗಿದ್ದಾರೆ ಎಂಬುದೂ ಓಸಿ ಅಲ್ಲ.

ಇದು ಬರೀ ಕಾಗದದ ವಿಷಯ ಎಂದು ಕೆಲವರು ನಗುತ್ತಾರೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಓಸಿ ಅಥವಾ ಪೂರ್ಣತಾ ಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದಿತು. ಅದರ ನಂತರ 2025ರಲ್ಲಿ ನಮ್ಮ ರಾಜ್ಯದಲ್ಲಿ ಎಷ್ಟು ಹೊಸ ಕಟ್ಟಡಗಳು ಕರೆಂಟ್ ಇಲ್ಲದೆ ಒದ್ದಾಡಿದವು ಎಂಬುದನ್ನು ಪತ್ರಿಕೆ ಓದುವವರು ಬಲ್ಲರು. ನಾಲ್ಕನೇ ಮಹಡಿಯಲ್ಲಿ ಮನೆ, ಲಿಫ್ಟಿಗೆ ತಾತ್ಕಾಲಿಕ ಸಂಪರ್ಕ, ಮನೆಯಲ್ಲಿ ಮೊಣಕಾಲು ನೋವಿನ ತಾಯಿ. ಕಾಗದದ ವಿಷಯ ಎಂದು ನಗುವವರು ಒಂದು ತಿಂಗಳು ಹಾಗೆ ಇದ್ದು ನೋಡಲಿ.

ಹಾಗಾಗಿ ಮೊದಲ ಸಹೋದರರಿಗೆ ನಮ್ಮ ಉತ್ತರ ಸ್ಪಷ್ಟ. ಓಸಿ ಬರುವ ಮುನ್ನ ಸ್ವಾಧೀನ ಪಡೆಯಲು ತಾವು ಬದ್ಧರಲ್ಲ. ಅದಕ್ಕಾಗಿ ಕೊನೆಯ ಕಂತನ್ನು ತಡೆಹಿಡಿದರೆ ಅದು ಕರಾರು ಮುರಿದಂತಲ್ಲ, ಆದರೆ ಆ ಕೊನೆಯ ಕಂತು ಸ್ವಾಧೀನಕ್ಕೆ ಅಥವಾ ಓಸಿಗೆ ಸಂಬಂಧಿಸಿದ್ದು ಎಂದು ಕರಾರಿನಲ್ಲಿರಬೇಕು. ನಡುವಿನ ಕಂತುಗಳು ಹಾಗಲ್ಲ. "ಮೂರನೇ ಸ್ಲ್ಯಾಬ್ ಆದಾಗ ಇಷ್ಟು" ಎಂದು ಬರೆದಿದ್ದು, ಸ್ಲ್ಯಾಬ್ ಆಗಿದ್ದರೆ, ಆ ಹಣ ಕೊಡಲೇಬೇಕು. ಓಸಿ ಇನ್ನೂ ಬಂದಿಲ್ಲ ಎಂಬುದು ಅಲ್ಲಿ ನೆಪವಾಗದು.

ಸುಪ್ರೀಂ ಕೋರ್ಟಿನ 2021ರ ಜನವರಿಯ ಒಂದು ತೀರ್ಪು ಈ ಗೆರೆಯನ್ನು ಚೆನ್ನಾಗಿ ತೋರಿಸುತ್ತದೆ. ಗುರುಗ್ರಾಮದ ಒಂದೇ ಯೋಜನೆಯ ಖರೀದಿದಾರರು ಮನೆ ತಡವಾಯಿತು ಎಂದು ಹಣ ವಾಪಸು ಕೇಳಿದ್ದರು. ಓಸಿ ಬಂದಿದ್ದ ಬ್ಲಾಕುಗಳವರಿಗೆ ಕೋರ್ಟು, ನೀವು ಮನೆ ತೆಗೆದುಕೊಳ್ಳಬೇಕು, ತಡವಾದುದಕ್ಕೆ ಪರಿಹಾರ ಪಡೆಯಿರಿ ಎಂದಿತು. ಓಸಿ ಬಾರದ ಬ್ಲಾಕಿನವರಿಗೆ ಹಣ ವಾಪಸು ಪಡೆಯುವ ಹಕ್ಕನ್ನು ಕೊಟ್ಟಿತು. ಒಂದೇ ಯೋಜನೆ, ಒಬ್ಬನೇ ಬಿಲ್ಡರ್, ಓಸಿ ಇದೆಯೇ ಇಲ್ಲವೇ ಎಂಬುದರ ಮೇಲೆ ಫಲ ಬೇರೆಯಾಯಿತು.

ಓಸಿ ಬಂದ ಮೇಲೆ ಹೊಣೆ ನಮ್ಮ ಕಡೆಗೆ ತಿರುಗುತ್ತದೆ. ಕಾಯ್ದೆಯ 19ನೇ ಕಲಂ ಪ್ರಕಾರ ಓಸಿ ಆದ ಎರಡು ತಿಂಗಳೊಳಗೆ ಖರೀದಿದಾರ ಸ್ವಾಧೀನ ಪಡೆಯಬೇಕು, ಕರಾರಿನ ಹಣ ಕೊಡಬೇಕು, ಕ್ರಯಪತ್ರದ ನೋಂದಣಿಗೆ ಹಾಜರಾಗಬೇಕು. ಬಿಲ್ಡರ್ ಕೂಡ ಓಸಿ ಆದ ಮೂರು ತಿಂಗಳೊಳಗೆ ಕ್ರಯಪತ್ರ ಮಾಡಿಕೊಡಬೇಕು. ಇದನ್ನು ನಮ್ಮವರಲ್ಲಿ ಹೆಚ್ಚಿನವರು ಕೇಳಿಯೇ ಇಲ್ಲ. ಬಿಲ್ಡರನ ಹೊಣೆಗಳ ಪಟ್ಟಿ ಬಾಯಿಪಾಠ, ನಮ್ಮ ಹೊಣೆಯ ಕಲಂ ಎಂದರೆ ಮುಖ ಮುಖ ನೋಡುತ್ತೇವೆ.

ಸಣ್ಣ ಕುಂದುಗಳಿಗಾಗಿ ಇಡೀ ಹಣ ತಡೆಯಬಹುದೇ?

ಇದು ಎರಡನೇ ಪ್ರಶ್ನೆ. ಓಸಿ ಬಂದಿದೆ, ಆದರೆ ಎರಡು ಟೈಲ್ಸ್ ಒಡೆದಿದೆ, ಬಾತ್‌ರೂಮಿನ ಬಾಗಿಲು ಸರಿಯಾಗಿ ಹಾಕಿಕೊಳ್ಳುವುದಿಲ್ಲ, ಅಡುಗೆಮನೆಯ ಸಿಂಕ್ ಸೋರುತ್ತದೆ. ಇವೆಲ್ಲ ಸರಿಯಾಗುವವರೆಗೆ ಎಂಟು ಲಕ್ಷ ಬಾಕಿ ಕೊಡುವುದಿಲ್ಲ ಎಂದು ಒಬ್ಬ ಹಾಜಿಯವರು ಹಠ ಹಿಡಿದಿದ್ದರು. ಟೈಲ್ಸಿನ ಬೆಲೆ ಸಾವಿರ ರೂಪಾಯಿಯೂ ಇರಲಿಕ್ಕಿಲ್ಲ.

ಮನೆ ನೋಡುವಾಗ ಸರಿಯಾಗಿ ನೋಡಿ, ಅದು ತಮ್ಮ ಹಕ್ಕು. ಧಾನ್ಯದ ರಾಶಿಯೊಳಗೆ ಕೈ ಹಾಕಿ ಒಳಗಿನ ಒದ್ದೆಯನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರವಾದಿ(ಸ)ರ ಘಟನೆ ಸಹೀಹ್ ಮುಸ್ಲಿಮಿನಲ್ಲಿದೆ. ಮೇಲಿನ ಒಣ ಧಾನ್ಯ ನೋಡಿ ಹಣ ಎಣಿಸಬೇಡಿ. ನಮ್ಮ ಕರಾವಳಿಯಲ್ಲಿ ಎಪ್ರಿಲ್ ತಿಂಗಳಲ್ಲಿ ನೋಡಿದ ಮನೆಯೆಲ್ಲ ಚೆನ್ನಾಗಿಯೇ ಇರುತ್ತದೆ. ಸಾಧ್ಯವಾದರೆ ಜೂನ್ ಮಳೆ ಎರಡು ವಾರ ಸುರಿದ ಮೇಲೆ ಇನ್ನೊಮ್ಮೆ ಹೋಗಿ. ಪಶ್ಚಿಮದ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ. ಕಿಟಕಿಯ ಕೆಳಗಿನ ಮೂಲೆಗಳಲ್ಲಿ ತೇವ ಮೊದಲು ಕಾಣುತ್ತದೆ. ಬಾತ್‌ರೂಮಿನ ನೆಲದ ತೂತಿಗೆ ಬಟ್ಟೆ ತುಂಬಿಸಿ ಎರಡಿಂಚು ನೀರು ನಿಲ್ಲಿಸಿ, ಮರುದಿನ ಕೆಳಗಿನ ಮನೆಯ ಮಾಳಿಗೆ ನೋಡಿ. ಬಟ್ಟೆ ತೆಗೆದಾಗ ನೀರು ತೂತಿನ ಕಡೆಗೆ ಹರಿಯುತ್ತದೋ ಬಾಗಿಲಿನ ಕಡೆಗೋ ಎಂಬುದೂ ತಿಳಿಯುತ್ತದೆ. ಪ್ರತಿ ಪ್ಲಗ್ಗಿಗೂ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಟೇಪ್ ಹಿಡಿದು ಕೋಣೆಗಳನ್ನು ಅಳೆಯಿರಿ, ಕರಾರಿನಲ್ಲಿರುವ ಕಾರ್ಪೆಟ್ ಏರಿಯಾದೊಂದಿಗೆ ಹೋಲಿಸಿ. ಪಾರ್ಕಿಂಗಿನ ಜಾಗಕ್ಕೆ ನಂಬರ್ ಬರೆದಿದ್ದಾರೆಯೇ, ಆ ಜಾಗದಲ್ಲಿ ಕಾರಿನ ಬಾಗಿಲು ತೆರೆಯುತ್ತದೆಯೇ ನೋಡಿ. ಗಂಡಸರು ಮಾತ್ರ ಹೋಗಿ ಹತ್ತು ನಿಮಿಷದಲ್ಲಿ ಮುಗಿಸಿ ಬರುತ್ತಾರೆ. ಮನೆಯ ಹೆಂಗಸರನ್ನು ಕರೆದುಕೊಂಡು ಹೋಗಿ, ನಾವು ಕಾಣದ್ದು ಅವರಿಗೆ ಕಾಣುತ್ತದೆ.

ಕಂಡ ಕುಂದುಗಳನ್ನೆಲ್ಲ ಬರೆದು, ಫೋಟೋ ತೆಗೆದು, ಬಿಲ್ಡರನಿಗೆ ಕೊಟ್ಟು, ತಲುಪಿದೆ ಎಂದು ಸಹಿ ಪಡೆಯಿರಿ. ಫೋನಿನಲ್ಲಿ ಜಗಳವಾಡಿದ್ದಕ್ಕೆ ದಾಖಲೆಯಿರುವುದಿಲ್ಲ. ಆಮೇಲೆ ತೂಗಿ ನೋಡಿ. ವಾಸಕ್ಕೆ ಅಡ್ಡಿಯಾಗುವ ದೋಷವೇ, ಅಂದರೆ ನೀರು ಬರುವುದಿಲ್ಲ, ಗೋಡೆ ಬಿರುಕು ಬಿಟ್ಟಿದೆ, ಒಂದು ಕೋಣೆ ನಕ್ಷೆಗಿಂತ ಎರಡಡಿ ಕಡಿಮೆಯಿದೆ ಎಂಬಂಥದ್ದೇ? ಹಾಗಿದ್ದರೆ ಸರಿಯಾಗುವವರೆಗೆ ತಡೆಯುವುದರಲ್ಲಿ ನ್ಯಾಯವಿದೆ. ಫಿಕ್ಹ್ ಗ್ರಂಥಗಳಲ್ಲಿ ಇದಕ್ಕೆ ಖಿಯಾರುಲ್ ಐಬ್ ಎಂದು ಹೆಸರು. ಕೊಂಡ ವಸ್ತುವಿನಲ್ಲಿ ಬೆಲೆ ಕುಗ್ಗಿಸುವಂಥ ದೋಷ ಕಂಡರೆ ವ್ಯಾಪಾರ ಬಿಡುವ ಹಕ್ಕು ಕೊಂಡವನಿಗಿದೆ. ಆದರೆ ಒಡೆದ ಟೈಲ್ಸ್, ಸಡಿಲ ಚಿಲಕ ಆ ಸಾಲಿಗೆ ಸೇರುವುದಿಲ್ಲ. ಅವುಗಳಿಗಾಗಿಯೇ ಕಾಯ್ದೆ ಬೇರೆ ದಾರಿ ಕೊಟ್ಟಿದೆ: ಸ್ವಾಧೀನ ಪಡೆದ ಐದು ವರ್ಷದೊಳಗೆ ಕಟ್ಟಡದ ದೋಷ ಅಥವಾ ಕೆಲಸದ ದೋಷ ತಿಳಿಸಿದರೆ, ಬಿಲ್ಡರ್ 30 ದಿನಗಳೊಳಗೆ ಹಣ ಕೇಳದೆ ಸರಿಪಡಿಸಬೇಕು. ಅಂದರೆ ರಿಜಿಸ್ಟರ್ ಮಾಡಿಸಿಕೊಂಡ ಕೂಡಲೇ ನಮ್ಮ ಹಕ್ಕು ಮುಗಿಯುವುದಿಲ್ಲ. ಒಮ್ಮೆ ಸಹಿ ಹಾಕಿದರೆ ಮತ್ತೆ ಅವರು ತಿರುಗಿಯೂ ನೋಡುವುದಿಲ್ಲ ಎಂಬ ಭಯ ನಮ್ಮವರಿಗಿದೆ, ಅದು ಕಾರಣವಿಲ್ಲದ ಭಯವೂ ಅಲ್ಲ. ಹಾಗಾಗಿ ಮಧ್ಯದ ದಾರಿ ಹಿಡಿಯಿರಿ. ಕುಂದು ಸರಿಪಡಿಸಲು ಎಷ್ಟು ಖರ್ಚಾದೀತೋ ಅಷ್ಟನ್ನು ಉಳಿಸಿಕೊಂಡು, "ಇಷ್ಟು ಮೊತ್ತವನ್ನು ಇಂಥ ಕೆಲಸ ಮುಗಿದ ಮೇಲೆ ಕೊಡುತ್ತೇನೆ" ಎಂದು ಇಬ್ಬರೂ ಸಹಿ ಹಾಕಿದ ಕಾಗದ ಮಾಡಿಕೊಳ್ಳಿ. ಹಾಜಿಯವರ ವಿಷಯದಲ್ಲಿ ನಾವೇ ನಡುವೆ ಕುಳಿತು ಹೀಗೆ ಮಾಡಿಸಿದೆವು. ಇಪ್ಪತ್ತು ಸಾವಿರ ಉಳಿಸಿಕೊಂಡು ಬಾಕಿ ಕೊಟ್ಟರು. ಹತ್ತು ದಿನದಲ್ಲಿ ಕೆಲಸ ಆಯಿತು.

ಕೈಯಲ್ಲಿ ಹಣವಿದ್ದೂ ಕೊಡಬೇಕಾದವನಿಗೆ ಸತಾಯಿಸುವುದು ಅನ್ಯಾಯ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಬಿಲ್ಡರ್ ಶ್ರೀಮಂತ, ಅವನಿಗೇನು ಎಂದು ಹೇಳುವಂತಿಲ್ಲ. ಅವನ ಹಿಂದೆ ಟೈಲ್ಸ್ ಹಾಕಿದವರು, ಪೈಂಟರ್, ಸೆಂಟ್ರಿಂಗಿನವರು ಕೂಲಿಗಾಗಿ ಕಾದಿರುತ್ತಾರೆ.

ಅನುಕೂಲಕ್ಕಾಗಿ ತಡಮಾಡುವವರು

ನಮಗೆ ಹೆಚ್ಚು ಕಳವಳ ತರುವುದು ಇದು. ಹಣ ಪೂರ್ತಿ ಕೊಟ್ಟಾಗಿದೆ, ಮನೆಯಲ್ಲಿ ವಾಸವೂ ಶುರುವಾಗಿದೆ, ಆದರೆ ಕ್ರಯಪತ್ರ ಆಗಿಲ್ಲ. "ಮುಂದಿನ ರಜೆಯಲ್ಲಿ ಬಂದಾಗ ಮಾಡೋಣ", "ಸ್ಟ್ಯಾಂಪಿನ ಹಣ ಸ್ವಲ್ಪ ಕೂಡಲಿ", "ಅಗ್ರಿಮೆಂಟ್ ಇದೆಯಲ್ಲ, ಜಿಪಿಎ ಇದೆಯಲ್ಲ". ಹೀಗೆ ನಾಲ್ಕು ವರ್ಷ, ಆರು ವರ್ಷ ಕಳೆದವರಿದ್ದಾರೆ.

ಕರಾರು ಎಂಬುದು ಮುಂದೆ ಮಾರುತ್ತೇನೆ ಎಂಬ ಮಾತು ಮಾತ್ರ. ಅಗ್ರಿಮೆಂಟ್, ಜಿಪಿಎ ಮತ್ತು ಉಯಿಲಿನ ಮೂಲಕ ಸ್ಥಿರಾಸ್ತಿಯ ಒಡೆತನ ವರ್ಗಾವಣೆಯಾಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಬಿಲ್ಡರ್ ತೀರಿಕೊಂಡರೆ, ಅವನ ಕಂಪೆನಿ ಮುಳುಗಿದರೆ, ಪಾಲುದಾರರಲ್ಲಿ ಜಗಳ ಬಂದರೆ, ಜಾಗದ ಮೂಲ ಮಾಲಕರು ತಕರಾರು ತೆಗೆದರೆ, ಅಗ್ರಿಮೆಂಟ್ ಹಿಡಿದು ಕೋರ್ಟಿಗೆ ಹೋಗಬೇಕು. ಅದಕ್ಕೂ ಅವಧಿಯಿದೆ. ಕ್ರಯಕ್ಕೆ ನಿಗದಿಯಾದ ದಿನದಿಂದ, ಅಂಥ ದಿನ ನಿಗದಿಯಾಗಿರದಿದ್ದರೆ ಎದುರಿನವನು ನಿರಾಕರಿಸಿದ್ದು ತಿಳಿದ ದಿನದಿಂದ, ಮೂರು ವರ್ಷ.

ಇನ್ನೊಂದು ಮುಖವಿದೆ, ಇದನ್ನು ನಾವು ಜನಾಝದ ಮನೆಗಳಲ್ಲಿ ಕಾಣುತ್ತೇವೆ. ಮನೆಯ ಯಜಮಾನ ಕ್ರಯಪತ್ರ ಆಗದೆಯೇ ತೀರಿಕೊಂಡ. ದಾಖಲೆಯಲ್ಲಿ ಮನೆ ಅವನದಲ್ಲ. ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಶರೀಅತ್ ಪ್ರಕಾರ ಪಾಲಿದೆ. ಆದರೆ ಪಾಲು ಮಾಡಬೇಕಾದ ಆಸ್ತಿ ಇನ್ನೂ ಬಿಲ್ಡರನ ಹೆಸರಿನಲ್ಲಿದೆ. ಈಗ ಎಲ್ಲ ವಾರಸುದಾರರೂ ಒಟ್ಟಾಗಿ ಬಂದು ಸಹಿ ಹಾಕಬೇಕು. ಒಬ್ಬ ಮಗ ದಮ್ಮಾಮಿನಲ್ಲಿ, ಮಗಳು ಗಂಡನ ಮನೆಯಲ್ಲಿ, ಅಣ್ಣತಮ್ಮಂದಿರಲ್ಲಿ ಆಗಲೇ ಮಾತಿಲ್ಲ. ಒಂದು ದಿನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮುಗಿಸಬಹುದಾಗಿದ್ದ ಕೆಲಸಕ್ಕೆ ವರ್ಷಗಳು ಹಿಡಿಯುತ್ತವೆ. ಆ ನಡುವೆ ಮನೆಯಲ್ಲಿರುವ ವಿಧವೆ ಯಾರ ಮನೆಯಲ್ಲಿದ್ದಾಳೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರವಿರುವುದಿಲ್ಲ.

ಖರ್ಚು ಉಳಿಸಲು ತಡಮಾಡಿದವರಿಗೆ ಉಳಿದದ್ದೂ ಇಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರ ಏರಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. 60 ಲಕ್ಷದ ಫ್ಲ್ಯಾಟಿಗೆ ಈ ಎರಡನೆಯ ಏರಿಕೆಯೊಂದೇ 60,000 ರೂಪಾಯಿ. ಈಗ ಪಟ್ಟಣಗಳಲ್ಲಿ ಇ-ಖಾತಾ ಇಲ್ಲದೆ ನೋಂದಣಿಯೂ ಆಗುವುದಿಲ್ಲ. ಇ-ಖಾತಾ ಮಾಡಿಸಲು ಬಿಲ್ಡರನ ಸಹಕಾರ ಬೇಕು. ಯೋಜನೆ ಮುಗಿಸಿ ಊರು ಬಿಟ್ಟ ಬಿಲ್ಡರನನ್ನು ಆರು ವರ್ಷದ ನಂತರ ಹುಡುಕುವುದು ಹೇಗೆ?

ಜಿಎಸ್‌ಟಿಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. ಓಸಿ ಬಂದ ಮನೆಗೆ ಜಿಎಸ್‌ಟಿ ಇಲ್ಲ, ಆದ್ದರಿಂದ ಕೊನೆಯ ಕಂತುಗಳನ್ನು ಓಸಿ ಬರುವವರೆಗೆ ಎಳೆದರೆ ತೆರಿಗೆ ಉಳಿಯುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದಾರೆ. ಉಳಿಯುವುದಿಲ್ಲ. ಪೂರ್ತಿ ಬೆಲೆ ಓಸಿಯ ನಂತರವೇ ಕೊಟ್ಟಿದ್ದರೆ ಮಾತ್ರ ಆ ವಿನಾಯಿತಿ. ಮೊದಲೇ ಮುಂಗಡ ಕೊಟ್ಟು ಬುಕ್ ಮಾಡಿದ ಮನೆಗೆ ಶೇ. 5, ಕೈಗೆಟಕುವ ದರದ ವರ್ಗದ ಮನೆಯಾದರೆ ಶೇ. 1, ಕೊಡಲೇಬೇಕು.

ಹೊರದೇಶದಲ್ಲಿರುವವರು ರಜೆಗಾಗಿ ಕಾಯಬೇಕಾಗಿಲ್ಲ. ಅಲ್ಲಿನ ಭಾರತೀಯ ದೂತಾವಾಸದಲ್ಲಿ ಮುಖ್ತಿಯಾರ್ ಪತ್ರ ದೃಢೀಕರಿಸಿ ಕಳುಹಿಸಬಹುದು. ಅದು ಕರ್ನಾಟಕಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಇದನ್ನು ಮರೆಯುವವರೇ ಹೆಚ್ಚು. ಯಾರ ಹೆಸರಿಗೆ ಮುಖ್ತಿಯಾರ್ ಕೊಡುತ್ತೀರಿ ಎಂಬುದರಲ್ಲಿ ಎಚ್ಚರವಿರಲಿ. ಈ ಮನೆಯ ನೋಂದಣಿಗೆ ಮಾತ್ರ ಎಂದು ಬರೆಯಿರಿ, ಎಲ್ಲ ಆಸ್ತಿಗೂ ಎಂದು ಬರೆಯಬೇಡಿ. ಬಿಲ್ಡರನ ಹೆಸರಿಗೇ ಮುಖ್ತಿಯಾರ್ ಕೊಟ್ಟವರೂ ಇದ್ದಾರೆ, ಅದಕ್ಕೆ ಏನು ಹೇಳಬೇಕೋ ತಿಳಿಯದು.

ಬಿಲ್ಡರ್ ತಡಮಾಡಿದರೆ

ಕರಾರಿನಲ್ಲಿ ಹೇಳಿದ ದಿನಕ್ಕೆ ಮನೆ ಸಿಗದಿದ್ದರೆ ಖರೀದಿದಾರನಿಗೆ ಎರಡು ದಾರಿ. ಯೋಜನೆಯಿಂದ ಹೊರಬಂದು ಕೊಟ್ಟ ಹಣವನ್ನು ಬಡ್ಡಿಸಹಿತ ವಾಪಸು ಪಡೆಯಬಹುದು. ಅಥವಾ ಮನೆ ಬೇಕೆಂದು ಉಳಿದುಕೊಂಡು, ಸ್ವಾಧೀನ ಸಿಗುವವರೆಗೆ ಪ್ರತಿ ತಿಂಗಳ ತಡಕ್ಕೂ ಬಡ್ಡಿ ರೂಪದ ಪರಿಹಾರ ಪಡೆಯಬಹುದು. ಆಯ್ಕೆ ಖರೀದಿದಾರನದು, ಹಣ ವಾಪಸು ಕೇಳುವ ಹಕ್ಕಿಗೆ ಷರತ್ತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲಿ ನ್ಯೂಟೆಕ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕದ ನಿಯಮದಂತೆ ದರ, ಸ್ಟೇಟ್ ಬ್ಯಾಂಕಿನ ಎಂಸಿಎಲ್‌ಆರ್ ಎಂಬ ಸಾಲದ ದರಗಳಲ್ಲಿ ಅತಿ ಹೆಚ್ಚಿನದಕ್ಕೆ ಶೇ. 2 ಸೇರಿಸಿದಷ್ಟು. ಲೆಕ್ಕದ ಸುಲಭಕ್ಕೆ ಶೇ. 11 ಎಂದಿಟ್ಟುಕೊಳ್ಳಿ. 40 ಲಕ್ಷ ಕೊಟ್ಟಿದ್ದು, 14 ತಿಂಗಳು ತಡವಾಗಿದ್ದರೆ, ಮೊತ್ತ ಸುಮಾರು 5,13,000 ರೂಪಾಯಿ. ಸಣ್ಣದಲ್ಲ.

ಹಿಂದೆ ಕರಾರುಗಳು ಒಮ್ಮುಖವಾಗಿರುತ್ತಿದ್ದವು. ಖರೀದಿದಾರ ತಡಮಾಡಿದರೆ ಶೇ. 18, ಬಿಲ್ಡರ್ ತಡಮಾಡಿ ಹಣ ಮರಳಿಸುವಾಗ ಶೇ. 9 ಎಂದಿದ್ದ ಒಂದು ಕರಾರನ್ನು 2019ರ ಎಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಅನ್ಯಾಯದ ವ್ಯಾಪಾರ ಎಂದು ತಳ್ಳಿಹಾಕಿತು. ರೇರಾ ಪ್ರಕಾರ ಎರಡು ಕಡೆಗೂ ಒಂದೇ ದರ. ಕರಾರಿನಲ್ಲಿ ಸ್ವಾಧೀನದ ದಿನವನ್ನೇ ಬರೆಯದ ಪ್ರಕರಣವೊಂದರಲ್ಲಿ, ಮೂರು ವರ್ಷ ಸಮಂಜಸವಾದ ಅವಧಿ ಎಂದು 2018ರಲ್ಲಿ ಕೋರ್ಟು ಹೇಳಿದೆ. ಯುದ್ಧ, ನೆರೆ, ಬೆಂಕಿ, ಚಂಡಮಾರುತ, ಭೂಕಂಪದಂಥ ಕಾರಣಗಳಿಗೆ ಕಾಯ್ದೆಯಲ್ಲಿ ರಿಯಾಯಿತಿಯಿದೆ. ಕೊರೋನಾ ಕಾಲದಲ್ಲಿ ಆರು ತಿಂಗಳ ಹೆಚ್ಚುವರಿ ಅವಧಿಯೂ ಸಿಕ್ಕಿತ್ತು. ಮರಳಿನ ಕೊರತೆ, ಕೆಲಸಗಾರರು ಊರಿಗೆ ಹೋದರು, ಮಳೆ ಬಂತು ಎಂಬವು ಆ ಪಟ್ಟಿಯಲ್ಲಿಲ್ಲ. ಕರಾವಳಿಯಲ್ಲಿ ಮಳೆ ಬರುತ್ತದೆ ಎಂಬುದು ಕರಾರಿಗೆ ಸಹಿ ಹಾಕುವಾಗಲೇ ಇಬ್ಬರಿಗೂ ಗೊತ್ತಿತ್ತು.

ಎಂಟು ಮನೆಗಳ ಸಣ್ಣ ಕಟ್ಟಡಗಳು ರೇರಾದ ಹೊರಗೆ ಉಳಿಯುತ್ತವೆ. ನಮ್ಮ ಸಣ್ಣ ಪಟ್ಟಣಗಳಲ್ಲಿ ಅಂಥವೇ ಹೆಚ್ಚು. ಅಲ್ಲಿ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗಕ್ಕೇ ಹೋಗಬಹುದು, ದೂರಿಗೆ ಕಾರಣವಾದುದು ನಡೆದ ಎರಡು ವರ್ಷದೊಳಗೆ. ಒಂದು ಮಾತು ಮಾತ್ರ ಮುಚ್ಚಿಡಬಾರದು: ಆದೇಶ ಸಿಗುವುದು ಬೇರೆ, ಹಣ ಕೈಗೆ ಬರುವುದು ಬೇರೆ. ರೇರಾ ಆದೇಶದ ಹಣವನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು, ಅದಕ್ಕೆ ಕಂದಾಯ ಇಲಾಖೆಯ ಬಾಗಿಲಿಗೆ ಅಲೆಯಬೇಕಾಗುತ್ತದೆ. ಆದ್ದರಿಂದ ಬಿಲ್ಡರ್ ಪ್ರಾಮಾಣಿಕನಿದ್ದು, ಹೊಸ ದಿನಾಂಕವನ್ನು ಬರೆದುಕೊಟ್ಟು, ಅಲ್ಲಿಯವರೆಗಿನ ಬಾಡಿಗೆಯನ್ನು ಹೊರಲು ಒಪ್ಪಿದರೆ ಜಮಾಅತಿನ ಹಿರಿಯರ ಮುಂದೆ ಕುಳಿತು ಮುಗಿಸುವುದು ಒಳ್ಳೆಯದು. ಬರೆದುಕೊಡಲು ಒಪ್ಪದಿದ್ದರೆ ಹಿರಿಯರ ಮುಂದೆ ಕೂರುವುದು ಕಾಲಹರಣ.

ಈಗ ಬಡ್ಡಿಯ ಪ್ರಶ್ನೆ. "ಉಸ್ತಾದರೇ, ಕಾನೂನು ಕೊಡಿಸುವ ಈ ಹಣ ನಮಗೆ ಹಲಾಲಾ?"

ಇನ್ನೂ ಕಟ್ಟದ ಮನೆಯನ್ನು ಕಟ್ಟಿಕೊಡುವ ಕರಾರಿಗೆ ಫಿಕ್ಹ್‌ನಲ್ಲಿ ಇಸ್ತಿಸ್ನಾ ಎನ್ನುತ್ತಾರೆ. ಹನಫಿ ಮದ್ಹಬಿನಲ್ಲಿ ಇದು ಸ್ವತಂತ್ರ ಕರಾರು, ಹಣವನ್ನು ಕಂತಿನಲ್ಲಿ ಕೊಡಬಹುದು. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಶಾಫಿಈಗಳು. ನಮ್ಮ ಮದ್ಹಬಿನ ಗ್ರಂಥಗಳಲ್ಲಿ ಇದನ್ನು ಸಲಮ್‌ನ ನಿಯಮಕ್ಕೆ ಒಳಪಡಿಸಿ ಹಣ ಮೊದಲೇ ಪೂರ್ತಿ ಕೊಡಬೇಕೆನ್ನಲಾಗಿದೆ. ಇಂದಿನ ವಿದ್ವಾಂಸರ ಸಭೆಗಳು ಜನರ ಅಗತ್ಯ ನೋಡಿ ಹನಫಿ ಅಭಿಪ್ರಾಯವನ್ನು ಸ್ವೀಕರಿಸಿವೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1992ರಲ್ಲಿ ಜಿದ್ದಾದಲ್ಲಿ ಸೇರಿದಾಗ, ಇಸ್ತಿಸ್ನಾ ಕರಾರು ಎರಡು ಕಡೆಯವರಿಗೂ ಬದ್ಧ, ಕೆಲಸ ತಡವಾದರೆ ದಂಡ ಕೊಡಬೇಕೆಂಬ ಷರತ್ತನ್ನು ಅದರಲ್ಲಿ ಹಾಕಬಹುದು, ಕೈಮೀರಿದ ಕಾರಣವಿದ್ದರೆ ಮಾತ್ರ ಅದು ಅನ್ವಯಿಸದು ಎಂದು ನಿರ್ಣಯಿಸಿತು. 2000ದಲ್ಲಿ ರಿಯಾದ್‌ನಲ್ಲಿ ಇನ್ನಷ್ಟು ಸ್ಪಷ್ಟಪಡಿಸಿತು: ಮೂಲ ಹೊಣೆ ಸಾಲವಾಗಿದ್ದರೆ ದಂಡದ ಷರತ್ತು ಸಲ್ಲದು, ಅದು ರಿಬಾ.

ಇದನ್ನು ಬಿಡಿಸಿ ಹೇಳುತ್ತೇವೆ. ಬಿಲ್ಡರನ ಮೇಲಿರುವುದು ಕೆಲಸದ ಹೊಣೆ. ಕೆಲಸ ತಡವಾದುದಕ್ಕೆ ನಮಗಾದ ನಿಜವಾದ ನಷ್ಟವನ್ನು ಅವನಿಂದ ಪಡೆಯಬಹುದು. ಖರೀದಿದಾರನ ಮೇಲಿರುವುದು ಹಣದ ಹೊಣೆ, ಅದು ಸಾಲ. ಸಾಲ ತಡವಾಯಿತೆಂದು ಹೆಚ್ಚುವರಿ ಪಡೆಯುವುದು ರಿಬಾ. ಕಾನೂನು ಎರಡು ಕಡೆಗೂ ಸಮಾನ ದರ ಇಟ್ಟಿದೆ, ಶರೀಅತಿನಲ್ಲಿ ಎರಡೂ ಸಮಾನವಲ್ಲ. ಆದ್ದರಿಂದ ನಮ್ಮ ಬಿಲ್ಡರ್ ಸಹೋದರರು ಖರೀದಿದಾರರ ತಡಕ್ಕೆ ಬಡ್ಡಿ ಹಾಕುವ ಷರತ್ತನ್ನು ತಮ್ಮ ಕರಾರಿನಿಂದ ತೆಗೆಯಬೇಕು ಎಂದು ಖುತ್ಬಾದಲ್ಲಿಯೂ ಹೇಳಿದ್ದೆವು, ಇಲ್ಲಿಯೂ ಹೇಳುತ್ತೇವೆ. ಹಣವಿಲ್ಲದೆ ಕಷ್ಟದಲ್ಲಿರುವವನಿಗೆ ಕಾಲಾವಕಾಶ ಕೊಡಬೇಕೆಂದು ಸೂರಃ ಅಲ್ ಬಕರದಲ್ಲಿ ಇದೆ. ಹಣವಿದ್ದೂ ಸತಾಯಿಸುವವನನ್ನು ನೋಟೀಸು ಕೊಟ್ಟು ಕರಾರು ರದ್ದುಪಡಿಸುವುದು ಬೇರೆ ವಿಷಯ, ಅದಕ್ಕೆ ಬಡ್ಡಿ ಬೇಕಾಗಿಲ್ಲ.

ಖರೀದಿದಾರರ ವಿಷಯದಲ್ಲಿ ನಮ್ಮ ಅಭಿಪ್ರಾಯ ಇದು, ಇದಕ್ಕಿಂತ ಹೆಚ್ಚು ತಿಳಿದ ಖಾಝಿಯವರನ್ನೂ ಕೇಳಿಕೊಳ್ಳಿ. ಮನೆಯನ್ನು ಉಳಿಸಿಕೊಂಡು ತಡದ ಪರಿಹಾರ ಪಡೆದರೆ, ತಮಗಾದ ನಿಜವಾದ ನಷ್ಟದಷ್ಟನ್ನು ಇಟ್ಟುಕೊಳ್ಳಬಹುದು. ಕಾಗದದಲ್ಲಿ ಅದಕ್ಕೆ ಬಡ್ಡಿ ಎಂಬ ಹೆಸರಿದ್ದರೂ ವಾಸ್ತವದಲ್ಲಿ ಅದು ನಷ್ಟಭರ್ತಿ. ನಷ್ಟಕ್ಕಿಂತ ಹೆಚ್ಚು ಬಂದದ್ದನ್ನು ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡಿ. ಕರಾರು ರದ್ದುಪಡಿಸಿ ಹಣ ವಾಪಸು ಪಡೆಯುವಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ಬಿಲ್ಡರ್ ಮರಳಿಸಬೇಕಾದುದು ಹಣ, ಅದು ಸಾಲವೇ. ಅದರ ಮೇಲಿನ ಬಡ್ಡಿಯನ್ನು ತಾವು ಬಳಸಬೇಡಿ. ರದ್ದಾಗುವ ದಿನದವರೆಗೆ ತಡದಿಂದಾದ ನಷ್ಟವನ್ನು ಪ್ರತ್ಯೇಕ ಪರಿಹಾರವಾಗಿ ಕೇಳಲು ಕಾಯ್ದೆಯಲ್ಲಿ ಅವಕಾಶವಿದೆ, ಅದನ್ನು ಕೇಳಿ.

ನಿಜವಾದ ನಷ್ಟ ಎಂದರೆ ಮುಖ್ಯವಾಗಿ ಆ ತಿಂಗಳುಗಳ ಮನೆ ಬಾಡಿಗೆ, ಎರಡು ಸಲ ಸಾಮಾನು ಸಾಗಿಸಿದ ಖರ್ಚು, ಅಂಥವು. ಮಾನಸಿಕ ನೋವಿಗೆಂದು ಬೆಲೆ ಕಟ್ಟುವುದನ್ನು ರಿಯಾದ್‌ನ ನಿರ್ಣಯ ಒಪ್ಪಿಲ್ಲ. ಇದನ್ನು ತೋರಿಸಲು ದಾಖಲೆ ಬೇಕು. ಬಾಡಿಗೆಯನ್ನು ಕೈಯಲ್ಲಿ ಕೊಡುವವರು ಪ್ರತಿ ತಿಂಗಳೂ ಮನೆ ಮಾಲಕರಿಂದ ರಶೀದಿ ಪಡೆದು, ಫ್ಲ್ಯಾಟಿನ ಕರಾರು ಇರುವ ಫೈಲಿನಲ್ಲಿಯೇ ಇಟ್ಟುಕೊಳ್ಳಿ.